ಒಣ ಲ್ಹೋತಾದ ಪೋಲ್ಕಾ

ಝೆಕ್ ದೇಶದ ಆ ಜಿಲ್ಲೆಯಲ್ಲಿ ಲ್ಹೋತಾ ಎನ್ನುವ ಊರುಗಳು ಆರು ಇದ್ದವು. ಮೇಲಿನ ಲ್ಹೋತಾ, ಕೆಳಗಿನ ಲ್ಹೋತಾ, ಒಣ ಲ್ಹೋತಾ, ಕಾಗೆ ಲ್ಹೋತಾ, ಸುಟ್ಟ ಲ್ಹೋತಾ. ಆರನೆಯದಕ್ಕೆ ಹಿಂದೆ ಮುಂದೆ ಏನೂ ಇಲ್ಲ, ಬರೀ ಲ್ಹೋತಾ. ಕೆಳಗಿನ ಲ್ಹೋತಾ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ, ಮೇಲಿನ ಲ್ಹೋತಾ ಹೊಳೆಯ ಪಕ್ಕದಲ್ಲಿ. ಯಾಕೆ ಹಾಗೆ ಅಂತ ಕೇಳಿದರೆ ಎರಡೂ ಊರಿನವರು ಭುಜ ಹಾರಿಸುತ್ತಿದ್ದರು. ಇದರ ಮೇಲೆ ಹಿಂದಿನ ವರ್ಷವಷ್ಟೇ ಸರ್ಕಾರ ಜಿಲ್ಲಾ ಕಚೇರಿಗಳನ್ನೇ ಮುಚ್ಚಿಬಿಟ್ಟಿತ್ತು. ಜಿಲ್ಲೆ ನಕ್ಷೆಯಲ್ಲಿ ಉಳಿದಿತ್ತು, ಕಚೇರಿ ಮಾತ್ರ ಇರಲಿಲ್ಲ. ಒಂದು ಸಹಿಗೆ ಯಾವ ಪಟ್ಟಣಕ್ಕೆ ಹೋಗಬೇಕೆಂದು ಜನ ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡು ನಿಲ್ಲುತ್ತಿದ್ದರು.

ಲುಬೋರ್ ವಾವ್ರಾಗೆ ಮಾತ್ರ ಈ ಗೊಂದಲ ಯಾವುದೂ ಇರಲಿಲ್ಲ. ಮೂವತ್ತೊಂದು ವರ್ಷ ಆ ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದವನು ಅವನು. ಯಾವ ತಿರುವಿನಲ್ಲಿ ಗಾಳಿ ಹಿಮವನ್ನು ತಂದು ಗುಡ್ಡೆ ಹಾಕುತ್ತದೆ, ಯಾವ ಒಂಟಿ ಮನೆಯವರು ಬಿಸಿ ಚಹಾಕ್ಕೆ ರಮ್ ಬೆರೆಸಿ ಕೊಡುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ನಿವೃತ್ತನಾಗಿ ಮೂರು ವರ್ಷವಾಗಿತ್ತು. ಈಗ ಅವನ ಕೆಲಸವೆಂದರೆ ಸಾವಿನ ಮನೆಗಳಲ್ಲಿ ತುತ್ತೂರಿ ಊದುವುದು. ಅವನ ತಂಡದಲ್ಲಿ ಇದ್ದವರು ಮೂರೇ ಜನ. ಒಬ್ಬ ಲುಬೋರ್. ಇನ್ನೊಬ್ಬ ತೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದುವ ಓಟಾಕರ್; ಕಲ್ಲಿದ್ದಲು ಮಾರುವವನು, ವ್ಯಾನು ಅವನದೇ, ಕಿವಿ ಮಂದ. ಮೂರನೆಯವಳು ಕ್ಲಾರಿನೆಟ್ ನುಡಿಸುವ ಜ್ದೆನಾ, ಊರ ಗ್ರಂಥಾಲಯದವಳು.

ಅಕ್ಟೋಬರ್ ತಿಂಗಳ ಒಂದು ಗುರುವಾರ ಅವನು ತೋಟದಲ್ಲಿ ಸೇಬು ಆರಿಸುತ್ತಿದ್ದಾಗ ಮನೆಗೆ ಫೋನು ಬಂತು. ಹೆಂಡತಿ ಮಿಲೆನಾ ತೆಗೆದುಕೊಂಡಳು, ಒಂದು ಚೀಟಿಯಲ್ಲಿ ಬರೆದಿಟ್ಟಳು: ತೀರಿಕೊಂಡವರು ಆಂಟೊನೀನ್ ಶ್ಕರ್ದಾ, ಅಗ್ನಿಶಾಮಕ ದಳದ ಹಳೇ ಮುಖ್ಯಸ್ಥ. ಲ್ಹೋತಾ. ಶನಿವಾರ ಹನ್ನೊಂದಕ್ಕೆ. ಕೊನೆಗೆ ಮಣ್ಣು ಹಾಕುವಾಗ ಅವರ ದಳದ ಕುಣಿತದ ಹಾಡು, ಪಂಪಿನ ಪೋಲ್ಕಾ, ನುಡಿಸಬೇಕು.

"ಯಾವ ಲ್ಹೋತಾ?" ಅಂದ ಲುಬೋರ್.

"ನಾನೂ ಅದನ್ನೇ ಕೇಳ್ದೆ. ನಮ್ಮ ಲ್ಹೋತಾ ಅಂದ ಅವನ ಮಗ. ನಿಮ್ಮದು ಯಾವುದಪ್ಪಾ ಅಂದ್ರೆ, ಕೆರೆ ಪಕ್ಕ ಸ್ಮಶಾನ ಇದೆಯಲ್ಲ, ಅದು ಅಂದ. ಅಳ್ತಾ ಇದ್ದ, ಮತ್ತೆ ಮತ್ತೆ ಕೇಳೋಕೆ ಮನಸ್ಸು ಬರ್ಲಿಲ್ಲ."

"ಸಾಕು ಬಿಡು. ಕೆರೆ ಪಕ್ಕ ಸ್ಮಶಾನ ಇರೋದು ಒಣ ಲ್ಹೋತಾದಲ್ಲಿ ಮಾತ್ರ," ಅಂದ ಲುಬೋರ್. ಹೇಳುವಾಗ ಅವನಿಗೆ ಒಂದಿಷ್ಟು ಹೆಮ್ಮೆಯೂ ಆಯಿತು.

ಅವನು ನಿವೃತ್ತನಾದ ಮೇಲೆ ಕೆಳಗಿನ ಲ್ಹೋತಾದವರು, ಬೆಂಕಿ ಬಿದ್ದರೆ ನೀರಿರಲಿ ಅಂತ, ತಮ್ಮ ಸ್ಮಶಾನದ ಗೋಡೆಯ ಪಕ್ಕದಲ್ಲೇ ಹೊಸದೊಂದು ಕೆರೆ ತೋಡಿಸಿದ್ದರು. ಅದು ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಹತ್ತು ಮುಕ್ಕಾಲಿಗೆ ವ್ಯಾನು ಒಣ ಲ್ಹೋತಾ ತಲುಪಿತು. ಸ್ಮಶಾನದ ಬಾಗಿಲು ತೆರೆದಿತ್ತು. ಗುಂಡಿ ತೋಡಿತ್ತು, ಪಕ್ಕದಲ್ಲಿ ಶವಪೆಟ್ಟಿಗೆ ಇಟ್ಟಿತ್ತು. ಅದರ ಹತ್ತಿರ ಕಪ್ಪು ಶಾಲು ಹೊದ್ದ ಒಬ್ಬ ಅಜ್ಜಿ, ಗುಂಡಿ ತೋಡಿದ ಇಬ್ಬರು ಆಳುಗಳು, ಗಡಿಯಾರ ನೋಡಿಕೊಳ್ಳುತ್ತಿದ್ದ ಪಾದ್ರಿ. ಐದು ಊರಿಗೆ ಅವರೊಬ್ಬರೇ ಪಾದ್ರಿ, ಹನ್ನೆರಡೂವರೆಗೆ ಇನ್ನೊಂದು ಕಡೆ ಹೆಸರಿಡುವ ಶಾಸ್ತ್ರವಿತ್ತು.

"ಲುಬೋರ್, ಇದು ಸರಿ ಕಾಣ್ತಿಲ್ಲ. ಅಗ್ನಿಶಾಮಕದ ಮುಖ್ಯಸ್ಥ ಅಂತೀಯ, ಒಬ್ಬ ಸಮವಸ್ತ್ರದವನೂ ಇಲ್ವಲ್ಲ," ಎಂದು ಜ್ದೆನಾ ಪಿಸುಗುಟ್ಟಿದಳು.

"ಬರ್ತಾರೆ. ಹೋಟ್ಲಲ್ಲಿ ಕೂತಿರ್ತಾರೆ. ಅವರ ಬುದ್ಧಿ ನಿಂಗೊತ್ತಿಲ್ವಾ?"

ಅಷ್ಟರಲ್ಲಿ ಪಾದ್ರಿ ಅವರನ್ನು ನೋಡಿ, ಸ್ವಲ್ಪ ಆಶ್ಚರ್ಯಪಟ್ಟು, ಶುರುಮಾಡಿ ಎಂಬಂತೆ ತಲೆಯಾಡಿಸಿದರು. ಮೂವರೂ ಮೊದಲನೆಯ ಶೋಕಗೀತೆ ನುಡಿಸಿದರು. ಅಜ್ಜಿ ತಲೆಯೆತ್ತಿ ಅವರನ್ನೇ ನೋಡುತ್ತ ನಿಂತಳು. ಬಾಯಿ ಅರ್ಧ ತೆರೆದಿತ್ತು. ದುಃಖದಲ್ಲಿರುವವರು ಹಾಗೆ ನೋಡುವುದನ್ನು ಲುಬೋರ್ ಎಂದೂ ಕಂಡಿರಲಿಲ್ಲ. ಊರಿನವರು ಸಂತೆಯಲ್ಲಿ ಜಾದೂಗಾರನನ್ನು ನೋಡುವ ಹಾಗಿತ್ತು ಅದು.

ಹಾಡು ಮುಗಿಯಿತು. ಪಾದ್ರಿ ಪುಸ್ತಕ ತೆರೆದರು. "ನಮ್ಮನ್ನಗಲಿದ ಸಹೋದರ ರುಡಾಲ್ಫ್ ಹಾಂಕೆಯವರ ಆತ್ಮಕ್ಕೆ..."

ಲುಬೋರ್ ಜೇಬಿಗೆ ಕೈ ಹಾಕಿದ. ಚೀಟಿ ತೆಗೆದು ನೋಡಿದ. ಆಂಟೊನೀನ್ ಶ್ಕರ್ದಾ ಅಂತಲೇ ಇತ್ತು. ಇನ್ನೊಮ್ಮೆ ನೋಡಿದ. ಹನ್ನೊಂದು ದಾಟಿ ಎಂಟು ನಿಮಿಷ ಆಗಿತ್ತು. ಜ್ದೆನಾ ತನ್ನ ಮೊಬೈಲ್ ತೆಗೆದು ಆಕಾಶಕ್ಕೆ ಹಿಡಿದಳು. ಆ ತಗ್ಗಿನಲ್ಲಿ ಸಿಗ್ನಲ್ ಸಿಗುವುದಿಲ್ಲ.

"ಹೊರಡೋಣ್ವಾ?" ಎಂದಳು ತುಟಿ ಅಲ್ಲಾಡಿಸದೆ.

ಹೊರಡುವುದು ಹೇಗೆ? ಇರುವ ಒಬ್ಬ ಅಜ್ಜಿ, ಅವಳ ಮುಂದೆ ಒಂದು ಪೆಟ್ಟಿಗೆ. ಹಾಡು ನಿಲ್ಲಿಸಿ, ಕ್ಷಮಿಸಿ, ಹೆಣ ತಪ್ಪಿತು ಅಂತ ಹೇಳಿ ಹೋಗುವುದೇ? ಹೋದರೂ ಎಲ್ಲಿಗೆ? ಉಳಿದ ಐದರಲ್ಲಿ ಯಾವುದು? ಮೂವತ್ತೊಂದು ವರ್ಷ ಬಾಯಿಪಾಠವಾಗಿದ್ದ ರಸ್ತೆಗಳೆಲ್ಲ ಅವನ ತಲೆಯೊಳಗೆ ಗೋಜಲು ನೂಲಾಗಿ ಬಿದ್ದುಕೊಂಡವು. ಅವನು ನಿಂತಲ್ಲೇ ನಿಂತ.

ಪಾದ್ರಿ ಬೇಗ ಬೇಗ ಓದಿ ಮುಗಿಸಿದರು. ಪೆಟ್ಟಿಗೆ ಇಳಿಯಿತು. ಅಜ್ಜಿ ಬಾಗಿ ಒಂದು ಹಿಡಿ ಮಣ್ಣು ಹಾಕಿದಳು. ಓಟಾಕರನ ಮಂದ ಕಿವಿಗೆ ಹೆಸರೂ ಬಿದ್ದಿರಲಿಲ್ಲ, ಪಿಸುಮಾತೂ ಬಿದ್ದಿರಲಿಲ್ಲ. ಮಣ್ಣು ಬೀಳುವಾಗ ಪೋಲ್ಕಾ ಎಂದು ಹೇಳಿದ್ದರು, ಮಣ್ಣು ಬಿತ್ತು, ಅವನು ಕೆನ್ನೆ ಉಬ್ಬಿಸಿ ಶುರುಮಾಡಿಯೇಬಿಟ್ಟ. ಬುಂ-ಪ, ಬುಂ-ಪ. ಜ್ದೆನಾ ಗಾಬರಿಯಿಂದ ಲುಬೋರನ ಮುಖ ನೋಡಿದಳು. ಬರೀ ತೂಬಾ ಒಂದೇ ಸ್ಮಶಾನದಲ್ಲಿ ಬುಂಗುಟ್ಟುವುದು ಇನ್ನೂ ಅವಮಾನ ಅನ್ನಿಸಿ ಲುಬೋರ್ ತುತ್ತೂರಿ ತುಟಿಗಿಟ್ಟ. ಒಣ ಲ್ಹೋತಾದ ಆ ಮಂಕು ಬೆಳಗಿನಲ್ಲಿ ಪಂಪಿನ ಪೋಲ್ಕಾ ಕೆರೆ ದಾಟಿ, ಕೋಳಿಗೂಡು ದಾಟಿ, ಮನೆಗಳ ಅಂಗಳಕ್ಕೆ ನುಗ್ಗಿತು.

ಮೊದಲು ಬಂದವಳು ಕೈಗೆ ಹಿಟ್ಟು ಮೆತ್ತಿದ್ದ ಒಬ್ಬ ಹೆಂಗಸು. ಗೋಡೆಯಾಚೆ ನಿಂತು ಇಣುಕಿದಳು. ಆಮೇಲೆ ಇಬ್ಬರು ಗಂಡಸರು, ಒಬ್ಬನ ಕೈಯಲ್ಲಿ ಇನ್ನೂ ಗರಗಸ. ಬಳಿಕ ನಾಲ್ಕು ಜನ, ಬಳಿಕ ಹತ್ತು. ಗೋಡೆಯ ಆಚೆ ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಒಬ್ಬರು ಟೋಪಿ ತೆಗೆದು ಒಳಗೆ ಬಂದರು. ಮಿಕ್ಕವರು ಹಿಂದೆ ಬಂದರು. ಕೊನೆಗೆ ಊರಿನ ಮೇಯರ್ ಬಂದ. ಕೆಲಸದ ಬಟ್ಟೆಯ ಮೇಲೆ ಆತುರದಲ್ಲಿ ಕರಿ ಕೋಟು ಹಾಕಿಕೊಂಡಿದ್ದ, ಕಾಲಲ್ಲಿ ರಬ್ಬರ್ ಬೂಟು. ಎಲ್ಲರೂ ಸಾಲಾಗಿ ಬಂದು ಮಣ್ಣು ಹಾಕಿದರು, ಅಜ್ಜಿಯ ಕೈ ಹಿಡಿದರು. ಜನ ಮುಗಿಯುವವರೆಗೆ ನಿಲ್ಲಿಸುವಂತಿರಲಿಲ್ಲ. ಪೋಲ್ಕಾವನ್ನು ಆರು ಸಲ ನುಡಿಸಿದರು.

ಮುಗಿದ ಮೇಲೆ ಅಜ್ಜಿ ಲುಬೋರನ ಬಳಿ ಬಂದಳು.

"ನಿಮ್ಮನ್ನ ಯಾರಪ್ಪಾ ಕಳಿಸಿದ್ದು?"

ಪಕ್ಕದಲ್ಲಿ ಮೇಯರ್ ನಿಂತಿದ್ದ, ಅವನೂ ಉತ್ತರ ಕೇಳಲು ಕಾದಿದ್ದ.

"ಫೋನ್ ಬಂದಿತ್ತಮ್ಮ," ಅಂದ ಲುಬೋರ್. ಅದು ಸುಳ್ಳಲ್ಲ. ನಿಜವೂ ಅಲ್ಲ.

"ನನ್ನ ಗಂಡನಿಗೆ ಪೋಲ್ಕಾ ಅಂದ್ರೆ ಆಗ್ತಾನೇ ಇರ್ಲಿಲ್ಲ. ರೇಡಿಯೋದಲ್ಲಿ ಬಂದ್ರೆ ಎದ್ದು ಹೋಗ್ತಿದ್ದ," ಎಂದಳು ಅಜ್ಜಿ. ಅವಳ ಮುಖ ನಗುತ್ತಿತ್ತೋ ಅಳುತ್ತಿತ್ತೋ ಅವನಿಗೆ ತಿಳಿಯಲಿಲ್ಲ. ಕೇಳಲು ಸಮಯವೂ ಇರಲಿಲ್ಲ.

ಗುಡ್ಡ ಹತ್ತಿದ ಮೇಲೆ ಸಿಗ್ನಲ್ ಸಿಕ್ಕಿತು. ಜ್ದೆನಾ ಮಿಲೆನಾಗೆ ಫೋನ್ ಮಾಡಿದಳು. "ಎಲ್ಲಿದ್ದೀರಿ ನೀವು? ಕೆಳಗಿನ ಲ್ಹೋತಾದಿಂದ ನಾಲ್ಕು ಸಲ ಫೋನ್ ಬಂತು," ಅಂತ ಆ ಕಡೆಯಿಂದ ಬಂದ ಮಾತು ವ್ಯಾನಿನಲ್ಲಿ ಓಟಾಕರನಿಗೂ ಕೇಳಿಸಿತು.

"ಏನಾಯ್ತು?" ಅಂದ ಓಟಾಕರ್.

"ಬೇರೆಯವನ ಹೆಣಕ್ಕೆ ನುಡಿಸಿ ಬಂದಿದ್ದೀವಿ," ಎಂದು ಲುಬೋರ್ ಕೂಗಿ ಹೇಳಿದ.

ಓಟಾಕರ್ ಗೇರು ಬದಲಿಸಿದ. ಆಮೇಲೆ, "ಅದಕ್ಕೇ ಯಾರೂ ಕುಡಿಯೋಕೆ ಕರೀಲಿಲ್ಲ," ಅಂದ.

ಕೆಳಗಿನ ಲ್ಹೋತಾ ಮುಟ್ಟುವ ಹೊತ್ತಿಗೆ ಹನ್ನೆರಡೂ ಕಾಲು. ಸ್ಮಶಾನ ಖಾಲಿಯಾಗಿತ್ತು. ಸಮಾಧಿಯ ಮೇಲೆ ಹೂವಿನ ರಾಶಿ, ಪಕ್ಕದಲ್ಲಿ ಹೊಸ ಕೆರೆ. ಅಗ್ನಿಶಾಮಕದವರು ಹೋಟೆಲಿನಲ್ಲಿದ್ದರು. ಶ್ಕರ್ದಾನ ಮಗ ಯಿಂಡ್ರಿಖ್ ಬಾಗಿಲಿಗೆ ಬಂದ. ಐವತ್ತರ ಗಟ್ಟಿ ಆಳು, ಕಣ್ಣು ಕೆಂಪಾಗಿತ್ತು.

"ಟೇಪ್ ರೆಕಾರ್ಡರ್ ಹಾಕಿದ್ವಿ. ಅರ್ಧಕ್ಕೆ ನಿಂತ್ಹೋಯ್ತು. ನಾನು, ನಮ್ಮ ಚಿಕ್ಕಪ್ಪ ಸೇರ್ಕೊಂಡು ಬಾಯಲ್ಲಿ ಗುನುಗಿದ್ವಿ. ನಲವತ್ತು ವರ್ಷ ಈ ಊರಿನ ಬೆಂಕಿ ಆರಿಸಿದೋನಿಗೆ ಬಾಯಲ್ಲಿ ಗುನುಗಿ ಕಳಿಸಿದ್ವಿ," ಎಂದ ಅವನು.

ಲುಬೋರ್ ನಡೆದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ತನಗೇ ಅದು ನಂಬುವ ಹಾಗಿಲ್ಲ ಅನ್ನಿಸಿತು.

"ಜಿಲ್ಲೆಯ ಪ್ರತಿ ಕಲ್ಲೂ ಗೊತ್ತು ಅಂತಿದ್ರಂತೆ ನೀವು," ಅಂದ ಯಿಂಡ್ರಿಖ್.

"ಅಂತಿದ್ದೆ."

"ಹೋಗಿ ಈಗ. ಇವತ್ತು ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

ಆ ವಾರವಿಡೀ ಲುಬೋರ್ ಮಂಕಾಗಿದ್ದ. ಗೋಡೆಯ ಮೇಲಿನ ಜಿಲ್ಲೆಯ ನಕ್ಷೆಯ ಮುಂದೆ ನಿಂತು ಆರು ಊರುಗಳನ್ನೂ ಬೆರಳಿನಿಂದ ಮುಟ್ಟುತ್ತಿದ್ದ. ಮಿಲೆನಾ, "ತಪ್ಪು ನನ್ನದೂ ಇದೆ," ಅಂದರೆ ಅವನು ಒಪ್ಪುತ್ತಿರಲಿಲ್ಲ. ಅವನನ್ನು ಕಾಡುತ್ತಿದ್ದದ್ದು ತಪ್ಪೊಂದೇ ಅಲ್ಲ. ಒಬ್ಬ ಮಗನ ಕೆಂಪು ಕಣ್ಣು ನೆನಪಾದಾಗ ನಾಚಿಕೆಯಾಗುತ್ತಿತ್ತು. ಗೋಡೆ ದಾಟಿ ಬಂದ ಆ ಜನ ನೆನಪಾದಾಗ ಖುಷಿಯಾಗುತ್ತಿತ್ತು. ಖುಷಿಪಟ್ಟದ್ದಕ್ಕೆ ಮತ್ತೆ ನಾಚಿಕೆ.

ಮುಂದಿನ ಶುಕ್ರವಾರ ಮಧ್ಯಾಹ್ನ ಅಜ್ಜಿ ಬಂದಳು. ವಿಳಾಸ ವಿಚಾರಿಸಿಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಹೆಸರು ಹೆಡ್ವಿಕಾ ಅಂದಳು. ಬಟ್ಟೆಯಲ್ಲಿ ಸುತ್ತಿದ ಗಸಗಸೆಯ ಸಿಹಿ ರೊಟ್ಟಿಗಳನ್ನು ಮಿಲೆನಾಳ ಕೈಗೆ ಕೊಟ್ಟು, ಅಡುಗೆಮನೆಯ ಬೆಂಚಿನ ಮೇಲೆ ಕೂತು, ಕೋಟು ಬಿಚ್ಚದೆಯೇ ಶುರುಮಾಡಿದಳು.

"ಊರೆಲ್ಲ ಕೇಳ್ದೆ. ವಾದ್ಯದವ್ರನ್ನ ಯಾರು ಕರೆಸಿದ್ದು ಅಂತ. ಬ್ರೆಡ್ ಅಂಗಡಿಯವಳು ಮೇಯರ್ ಅಂದ್ಲು. ಮೇಯರ್ ಹತ್ರ ಹೋಗಿ ಥ್ಯಾಂಕ್ಸ್ ಹೇಳ್ದೆ. ಅವನು ತಲೆ ತಗ್ಗಿಸಿ, ಅದೇನ್ ಮಹಾ ಬಿಡಿ ಅಜ್ಜಿ, ಅಂದ. ಅವನ ಕಿವಿ ಕೆಂಪಾಯ್ತು. ಆಗ್ಲೇ ಗೊತ್ತಾಯ್ತು ನಂಗೆ, ಅವನಲ್ಲ ಅಂತ. ನೀವೇ ಹೇಳಿ ಈಗ."

ಲುಬೋರ್ ಹೇಳಿದ. ಚೀಟಿಯನ್ನೂ ತೋರಿಸಿದ. ಹೆಡ್ವಿಕಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು.

"ಅಂದ್ರೆ ಯಾರೂ ಕರೆಸ್ಲಿಲ್ಲ."

"ಇಲ್ಲಮ್ಮ. ಕ್ಷಮಿಸಿ."

"ಕ್ಷಮಿಸೋದೇನಿದೆ." ಅವಳು ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟಳು. "ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿದ್ದ ಜರ್ಮನರನ್ನೆಲ್ಲ ರೈಲಿಗೆ ತುಂಬಿ ಜರ್ಮನಿಗೆ ಕಳಿಸಿದ್ರಲ್ಲ, ಆಗ ರುಡಾಲ್ಫನಿಗೆ ಹದಿನೆಂಟು. ಗಾಜಿನ ಕುಲುಮೆ ಕೆಲ್ಸ ಬಲ್ಲವನು ಬೇಕು ಅಂತ ಉಳಿಸ್ಕೊಂಡ್ರು. ಕುಲುಮೆ ಮುಚ್ಚಿದ ಮೇಲೆ ಒಣ ಲ್ಹೋತಾಕ್ಕೆ ತಂದು ಬಿಟ್ರು. ನನ್ನ ತವರಿನವರು ಝೆಕ್‌ನವರೇ, ನಮ್ಮಜ್ಜನ ಕಾಲದಲ್ಲಿ ಉಕ್ರೇನ್ ಕಡೆ ಹೋಗಿ ನೆಲೆಸಿದ್ರು, ಯುದ್ಧ ಆದ್ಮೇಲೆ ವಾಪಸ್ ಬಂದ್ವಿ. ಊರಲ್ಲಿ ಅವನು ಜರ್ಮನಿಯೋನು, ನಾನು ರಷ್ಯದೋಳು. ಐವತ್ತು ವರ್ಷ ಅಷ್ಟೇ ನಮ್ಮ ಹೆಸರು. ಯಾರೂ ಕೆಟ್ಟದಾಗಿ ನಡ್ಕೊಳ್ಳಲಿಲ್ಲ. ಕರೀಲಿಲ್ಲ, ಅಷ್ಟೇ. ಒಂದು ಮದುವೆಗೂ ಕರೀಲಿಲ್ಲ."

ಮಿಲೆನಾ ಕಾಫಿ ತಂದಿಟ್ಟಳು. ಹೆಡ್ವಿಕಾ ಮುಟ್ಟಲಿಲ್ಲ.

"ಆವತ್ತು ಅವರು ಬಂದಿದ್ದು ಅವನಿಗೋಸ್ಕರಾನೋ, ನಿಮ್ಮ ಪೋಲ್ಕಾ ಕೇಳಿ ಏನಾಯ್ತು ಅಂತ ನೋಡೋಕೋ? ನೀವು ಎದುರಿಗೆ ನಿಂತಿದ್ರಿ, ಮುಖಗಳನ್ನ ನೋಡಿದ್ರಿ. ನಿಮಗೇನನ್ನಿಸ್ತು?"

ಲುಬೋರ್ ಪ್ರಾಮಾಣಿಕವಾಗಿ ಯೋಚಿಸಿದ. "ನೋಡೋಕೆ ಬಂದ್ರು ಅನ್ಸುತ್ತೆ. ಆದ್ರೆ ಮಣ್ಣು ಹಾಕೋವಾಗ ಬೇರೆ ಥರ ಇದ್ರು. ಗರಗಸ ಹಿಡ್ಕೊಂಡು ಬಂದೋನು ಅತ್ತ. ಯಾಕೆ ಅಂತ ನನಗೆ ಗೊತ್ತಿಲ್ಲಮ್ಮ."

"ಅವನು ವೆಂಡೆಲೀನ್. ರುಡಾಲ್ಫ್ ಅವನ ಕಿಟಕಿಗೆಲ್ಲ ಗಾಜು ಕೂರ್ಸಿಕೊಟ್ಟಿದ್ದ." ಅವಳು ಚೀಲದಿಂದ ಇನ್ನೊಂದು ಕಾಗದ ತೆಗೆದಳು. "ಇದೊಂದು ನೋಡಿ. ಚಳಿಗಾಲದಲ್ಲಿ ವಾರವಾರ ಹೆಂಗಸರೆಲ್ಲ ಕೂತು ದಿಂಬಿಗೆ ಅಂತ ಬಾತುಕೋಳಿ ಪುಕ್ಕ ಬಿಡಿಸ್ತಾರಲ್ಲ, ಅದಕ್ಕೆ ನನ್ನ ಕರ್ದಿದಾರೆ. ಬ್ರೆಡ್ ಅಂಗಡಿಯವಳು ಬರೆದು ಬಾಗಿಲ ಸಂದಿಲಿ ಹಾಕಿದ್ಲು. ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ಹೋಗಿ ಏನು ಮಾತಾಡ್ಲಿ? ಮೇಯರ್ ಕರೆಸಿದ್ದು ಅಂದ್ಕೊಂಡು ಕರೀತಿದಾರೆ. ನಿಜ ಗೊತ್ತಾದ್ರೆ ಏನ್ಮಾಡ್ತಾರೆ?"

"ನಾನಾಗಿ ಯಾರಿಗೂ ಹೇಳಲ್ಲ," ಅಂದ ಲುಬೋರ್.

"ನಾನು ಹೇಳ್ಲೇಬೇಕಾಗುತ್ತೆ. ಸುಳ್ಳಿನ ಮೇಲೆ ಕೂತು ಪುಕ್ಕ ಬಿಡ್ಸೋಕಾಗಲ್ಲ ನನ್ ಕೈಲಿ."

ಮಿಲೆನಾ ಕಾಫಿ ಲೋಟ ಅವಳ ಕಡೆ ಸರಿಸಿ, "ಮೊದಲು ಹೋಗಿ ಕೂತ್ಕೊಳ್ಳಿ ಅಜ್ಜಿ. ಎರಡನೇ ವಾರ ಹೇಳಿ," ಅಂದಳು.

ಹೆಡ್ವಿಕಾ ಅವಳನ್ನು ನೋಡಿದಳು. ಆಮೇಲೆ ಕಾಫಿ ಕುಡಿದಳು.

ನವೆಂಬರ್ ಎರಡನೇ ತಾರೀಕು, ಎಲ್ಲರೂ ಸಮಾಧಿಗಳ ಮೇಲೆ ದೀಪ ಹಚ್ಚುವ ದಿನ, ಲುಬೋರ್ ಯಾರನ್ನೂ ಕೇಳದೆ ಕೆಳಗಿನ ಲ್ಹೋತಾಕ್ಕೆ ಹೋದ. ಓಟಾಕರ್, ಜ್ದೆನಾ ಕೂಡ ಬಂದರು. ಶ್ಕರ್ದಾನ ಸಮಾಧಿಯ ಬಳಿ ಯಿಂಡ್ರಿಖ್ ಮೇಣದ ಬತ್ತಿ ಹಚ್ಚುತ್ತಿದ್ದ. ಇವರನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವರು ಪಂಪಿನ ಪೋಲ್ಕಾ ನುಡಿಸಿದರು. ಅರ್ಧದಲ್ಲಿ ಯಿಂಡ್ರಿಖ್ ಗುನುಗತೊಡಗಿದ. ಮುಗಿದ ಮೇಲೆ, "ತೂಬಾ ಸ್ವಲ್ಪ ಜೋರಾಯ್ತು," ಅಂದ. ಆಮೇಲೆ ಮೂವರನ್ನೂ ಹೋಟೆಲಿಗೆ ಕರೆದ.

ಜನವರಿಯಲ್ಲಿ ಓಟಾಕರ್ ಕಲ್ಲಿದ್ದಲು ಹಾಕಲು ಒಣ ಲ್ಹೋತಾಕ್ಕೆ ಹೋಗಿ ಬಂದು ಸುದ್ದಿ ಹೇಳಿದ. ಹೆಡ್ವಿಕಾ ಪುಕ್ಕ ಬಿಡಿಸಲು ಹೋಗುತ್ತಿದ್ದಾಳಂತೆ. ಎರಡನೇ ವಾರ ನಿಜ ಹೇಳಿಯೇ ಹೇಳಿದಳಂತೆ. ಹೆಂಗಸರು ಮೊದಲು ಬೆಪ್ಪಾಗಿ, ಆಮೇಲೆ ಪುಕ್ಕವೆಲ್ಲ ಹಾರುವ ಹಾಗೆ ನಕ್ಕರಂತೆ. ಮೇಯರ್ ಮೂರು ದಿನ ಬ್ರೆಡ್ ಅಂಗಡಿಯ ಕಡೆ ತಲೆ ಹಾಕಲಿಲ್ಲವಂತೆ. ಇಬ್ಬರು ಮಾತ್ರ ಈಗಲೂ ಅವಳ ಜೊತೆ ಮಾತಾಡುವುದಿಲ್ಲವಂತೆ.

"ಯಾಕೆ?" ಅಂದ ಲುಬೋರ್.

"ಯಾರಿಗೊತ್ತು. ನಂಗೆ ಸರಿಯಾಗಿ ಕೇಳಿಸ್ಲಿಲ್ಲ," ಅಂದ ಓಟಾಕರ್.

ಲುಬೋರ್ ಹೊರಗೆ ಬಂದು ಮೆಟ್ಟಿಲ ಮೇಲಿನ ಹಿಮ ತಳ್ಳತೊಡಗಿದ. ತಾನು ಮಾಡಿದ್ದು ಒಳ್ಳೆಯದೋ ಬರೀ ತಪ್ಪೋ ಎಂದು ಇನ್ನೊಮ್ಮೆ ಯೋಚಿಸಿದ, ತಿಳಿಯಲಿಲ್ಲ. ಒಳಗೆ ಫೋನು ಬಡಿದುಕೊಂಡಿತು. ಮಿಲೆನಾ ಎತ್ತಿಕೊಳ್ಳುವ ಮೊದಲೇ ತಾನೆತ್ತಿ, ಯಾವ ಲ್ಹೋತಾ ಎಂದು ತಾನೇ ಕೇಳಬೇಕೆಂದು ಸಲಿಕೆ ಬಿಟ್ಟು ಒಳಗೆ ನಡೆದ.