ಹೊಂಬಾಳಮ್ಮ ಸರ್ವರನ್ನು ಅಲ್ಲಾಡಿಸಿದ್ದು

೧

ಟಿಕ್ ಎಂದು ಶುರು ಮಾಡಲೇ, ಕಟ್ ಎಂದೇ? ನಡುರಾತ್ರಿ ಬಿಳಿಗೆರೆಯ ತೆಂಗು ಬೆಳೆಗಾರರ ಸಂಘದ ಕೋಣೆಯಲ್ಲಿ ಕೇಳಿದ ಸದ್ದು ಅದು. (ಇಂಥ ಸದ್ದಿನಿಂದ ಶುರುವಾಗುವ ಕಥೆಗಳಲ್ಲಿ ಕಳ್ಳ ಬರುತ್ತಾನೆ. ಇಲ್ಲಿ ಬರುವುದಿಲ್ಲ. ಬೇಕಿದ್ದರೆ ಈಗಲೇ ಎದ್ದುಹೋಗಿ.) ಸದ್ದು ಮಾಡಿದ್ದು ಸಂಘದ ಕಡತಗಳನ್ನೆಲ್ಲ ಹೊತ್ತ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ, ಲಿನಕ್ಸ್ ಸರ್ವರ್. ಕೇಳಿಸಿಕೊಂಡವಳು ಅಲ್ಲಿ ಕಸ ಗುಡಿಸಿ, ರಾತ್ರಿ ಕಾವಲಿಗೆ ಮಲಗುವ ಹೊಂಬಾಳಮ್ಮ.

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ನಮ್ಮ ಕಡೆ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಚಿಪ್ಪಿನೊಳಗೆ ಗಿಟುಕು, ಅಂದರೆ ಒಣಗಿದ ತಿರುಳು, ಬಿಟ್ಟುಕೊಂಡು ಆಡಿದರೆ ಆಯಿತೆಂದು ಅರ್ಥ. ಹೊಂಬಾಳಮ್ಮ ಆ ಪುಟ್ಟ ಪೆಟ್ಟಿಗೆಯನ್ನೂ ಹಾಗೇ ಎತ್ತಿ ಅಲ್ಲಾಡಿಸಿದಳು. ಕರೆಂಟಿನ ವೈರು ಕಿತ್ತುಬಂತು. ಸದ್ದು ನಿಂತಿತು. ಅವಳು ಮಲಗಿದಳು.

೨

ಇಲ್ಲೊಂದು ನಗೆಯ ಪ್ಯಾರಾ ಇತ್ತು. ಅಳಿಸಿದೆ. ಬೆಳಿಗ್ಗೆ ಕಾರ್ಯದರ್ಶಿ ಮಹಾಂತೇಶ್ ಬಂದು, ಸರ್ವರ್ ನೋಡಿಕೊಳ್ಳುವ ಸಿಂಧುವಿಗೆ ಹೇಳಿದ್ದನ್ನು ಕೇಳಿದ ಮೇಲೆ ನನಗೆ ನಗು ಬರಲಿಲ್ಲ.

“ನೆಟ್ಟಗೆ ಆಫ್ ಮಾಡಾಕೂ ಬರಲ್ವಲ್ಲಮ್ಮ ನಿಂಗೆ.”

“ಅದನ್ನ ನಾನು ಆಫೇ ಮಾಡಲ್ಲ ಸಾರ್.”

“ಹಂಗಾರೆ ಅದೇ ಬೇಜಾರಾಗಿ ಮಲಗ್ಬುಡ್ತಾ? ಫೋಟೋ ಹೋಗಿದ್ರೆ ನಾಳೆಯಿಂದ ನೀನು ಬರೋದು ಬ್ಯಾಡ.”

ರಸ ಸೋರಿ ಸಾಯುತ್ತಿದ್ದ ತೆಂಗಿನ ಮರಗಳ ಫೋಟೋಗಳವು. ಪರಿಹಾರದ ಅರ್ಜಿಗೆ ಅವೇ ಸಾಕ್ಷಿ. ಮರಗಳನ್ನು ಕಡಿದಾಗಿದೆ, ಮತ್ತೆ ತೆಗೆಯುವಂತಿಲ್ಲ. ಇನ್ನೊಂದು ಪ್ರತಿ ಇಡಲು ಬೇರೆ ಹಾರ್ಡ್ ಡಿಸ್ಕ್ ಕೊಡಿಸಿ ಎಂದು ಸಿಂಧು ಎರಡು ವರ್ಷದಿಂದ ಕೇಳುತ್ತಲೇ ಇದ್ದಳು. ಬಂದದ್ದು ಕಾರ್ಯದರ್ಶಿಗೆ ತಿರುಗುವ ಕುರ್ಚಿ. (ಇಲ್ಲಿ ನನ್ನದೊಂದು ಬೈಗುಳವಿತ್ತು. ಕರಡು ಓದಿದ ಸಿಂಧು ತೆಗೆಸಿದಳು.)

೩

ಕಪ್ಪು ಪರದೆಯ ಮೇಲೆ ಸಿಂಧು ರಿಪೇರಿಯ ಆಜ್ಞೆ ಕೊಟ್ಟಳು. ತಟ್ಟನೆ ಕರೆಂಟು ಹೋಗಿ ಕಡತಗಳು ಹರಿದ ಕಡೆಯೆಲ್ಲ ಸರ್ವರ್ ನಿಂತು, ಸರಿಪಡಿಸಲೇ ಎಂದು ಕೇಳಿತು. ಹೂಂ. ಹೂಂ. ಒಂದು ಹೂಂ ತಪ್ಪಿದರೆ ಯಾರದೋ ತೋಟವೇ ಅಳಿಸಿಹೋಗಬಹುದು. ಕೊನೆಗೆ ಫೋಟೋಗಳು ಸಿಕ್ಕವು, ಹೆಸರು ಕಳೆದುಕೊಂಡು, ಬರೀ ನಂಬರ್ ಹೊತ್ತು. ಯಾವ ಮರ ಯಾರದೆಂದು ಒಂದೊಂದನ್ನೂ ತೆರೆದು ಗುರುತಿಸಬೇಕು.

ಹೊಂಬಾಳಮ್ಮ ಕಾಫಿ ತಂದಿಟ್ಟಳು.

“ಗಿಟುಕು ಆಡ್ದಂಗೆ ಆಡ್ತಿತ್ತು ಕಣವ್ವ. ವಸಿ ಅಲ್ಲಾಡಿಸ್ದೆ. ಏಳ್ತದಾ?”

“ಎದ್ದೈತೆ ಬುಡಜ್ಜಿ. ಕೊಬ್ಬರಿ ಆಗಿತ್ತಾ?”

“ಇಲ್ಲ, ಇನ್ನೂ ಹಸಿ.” ಮುದುಕಿ ದನಿ ತಗ್ಗಿಸಿದಳು. “ಅವ್ನಿಗೆ ಹೇಳ್ಬ್ಯಾಡ. ಇಲ್ಲಿ ಮಲಗಾಕೆ ಬುಡಲ್ಲ.”

೪

ಅಂತ್ಯ ಒಂದು: ಸಭೆಯಲ್ಲಿ ಸಿಂಧು ಎದ್ದುನಿಂತು ನಡೆದದ್ದೆಲ್ಲ ಹೇಳುತ್ತಾಳೆ. ಮಹಾಂತೇಶ್ ತಲೆ ತಗ್ಗಿಸುತ್ತಾರೆ.

“ತಗ್ಗಿಸಲ್ಲ ಮೇಡಂ,” ಎಂದು ಸಿಂಧು ನನ್ನನ್ನು ತಡೆದಳು. “ಅಜ್ಜಿ ಹೆಸರು ಸಿಕ್ಕಿದ್ರೆ ಆ ಕುರ್ಚೀಲಿ ಇನ್ನೂ ಆರಾಮಾಗಿ ಕೂತ್ಕೋತಾರೆ. ಡಿಸ್ಕಿನ ಮಾತು ಅಲ್ಲಿಗೆ ಮುಗೀತು.”

“ನಿನ್ನ ಮೇಲೆ ಬಂದ ಮಾತು?”

“ಅದಕ್ಕೆ ನಾನು ಜಗಳ ಆಡ್ಕೋತೀನಿ. ನೀವು ಸುಮ್ನಿದ್ರೆ ಸಾಕು.”

ಅಂತ್ಯ ಎರಡನ್ನು ನಾನು ಬರೆಯಲಿಲ್ಲ. ಮಹಾಂತೇಶ್ ಬಾಗಿಲಲ್ಲಿ ನಿಂತು, ಹೋಗಲಿ, ಆಫ್ ಮಾಡಿದ್ದು ಯಾರೆಂದಾದರೂ ಹೇಳು ಎನ್ನುತ್ತಿದ್ದಾರೆ. ಡಿಸ್ಕ್ ಯಾವಾಗ ಬರುತ್ತದೆ ಸಾರ್ ಎಂದು ಸಿಂಧು ಕೇಳುತ್ತಿದ್ದಾಳೆ. ಅವರು ಮತ್ತೆ ಅದನ್ನೇ. ಅವಳೂ ಅದನ್ನೇ. ಅಜ್ಜಿಯ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಅವಳು ತೀರ್ಮಾನಿಸಿಯಾಗಿದೆ.

ಬಾಯಿಬಿಟ್ಟವಳು ನಾನೊಬ್ಬಳೇ. ಮಹಾಂತೇಶ್ ಕಥೆಗಿಥೆ ಓದುವವರಲ್ಲ ಎಂದುಕೊಂಡಿದ್ದೇನೆ. ನೀವು ಅವರ ಪೈಕಿಯವರಲ್ಲ ತಾನೇ?