ಕಣದ ಮೂಲೆಯಲ್ಲಿ ನಿಂತ ಮನೆಗಾಡಿ

ನಮ್ಮ ತೋಟಕ್ಕೆ ಕರೆಂಟ್ ಬಂದದ್ದು ಎಂಬತ್ಮೂರರಲ್ಲಿ. ಅದಕ್ಕೆ ಮೊದಲು ಹದಿನಾಲ್ಕು ವರ್ಷ, ಪಾಳ್ಯದಿಂದ ಈಚೆಗೆ ಇದ್ದ ಒಂದೇ ಒಂದು ಫ್ರಿಜ್ ನಮ್ಮ ಮನೆಯದು. ಸೀಮೆಎಣ್ಣೆಯ ಫ್ರಿಜ್. ಕೆಳಗೆ ಸಣ್ಣ ದೀಪ ಉರಿಯುತ್ತಿತ್ತು, ಮೇಲೆ ಐಸ್ ಕಟ್ಟುತ್ತಿತ್ತು. ಬೆಂಕಿ ಹಚ್ಚಿದರೆ ತಣ್ಣಗಾಗುವುದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಬೇಸರವಿಲ್ಲದೆ ವಿವರಿಸುತ್ತಿದ್ದೆ. ಹಿಂದಿನ ಕೊಳವೆಗಳಲ್ಲಿ ಅಮೋನಿಯಾ ಇರುತ್ತದೆ, ದೀಪದ ಶಾಖ ಅದನ್ನು ಮೇಲಕ್ಕೆ ಕಳಿಸುತ್ತದೆ, ಅದು ತಾನಾಗಿ ಇಳಿದು ಬರುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಎಳೆದುಕೊಂಡು ಬರುತ್ತದೆ. ಮಂಗಳೂರಿನಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್‌ಸಿ. ಮುಗಿಸಿ ಬಂದಿದ್ದೆ. ಕಾಫಿ ತೋಟದ ಮನೆಯಲ್ಲಿ ಆ ಓದು ಕೆಲಸಕ್ಕೆ ಬಂದ ಜಾಗ ಅದೊಂದೇ.

ತೋಟದ ಆಳುಗಳ ಮನೆಸಾಲು, ಅಂದರೆ ಲೈನಿನಲ್ಲಿ ಯಾರಿಗಾದರೂ ಜ್ವರ ಏರಿದರೆ ಐಸ್ ಕೇಳಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ದನದ ಡಾಕ್ಟರು ಲಸಿಕೆಯ ಸೀಸೆಗಳನ್ನು ನನ್ನ ಹತ್ತಿರ ಇಟ್ಟು ಹೋಗುತ್ತಿದ್ದರು. ಸುಸಾನಮ್ಮನವರ ಪೆಟ್ಟಿಗೆ ಎಂದೇ ಅದಕ್ಕೆ ಹೆಸರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಮೊದಲ ವರ್ಷವೇ ಅದನ್ನು ಕೆಡಿಸಿದ್ದೂ ನಾನೇ. ಗಾಳಿ ಬರಲಿ ಎಂದು ಹಿಂದಿನ ಜಗುಲಿಗೆ ಸಾಗಿಸಿದ್ದೆ. ಆ ಜಗುಲಿ ಓರೆ. ಹಾಸನದಿಂದ ಶಾಂತಮಲ್ಲಪ್ಪ ಎಂಬ ರಿಪೇರಿಯವರು ಬಂದು, ಫ್ರಿಜ್ಜನ್ನು ಒಂದು ದಿನ ತಲೆಕೆಳಗಾಗಿ ನಿಲ್ಲಿಸಿ ಸರಿಮಾಡಿದರು.

"ಇದೇನು ಹಸುವಾ ತಾಯಿ, ಎಲ್ಲಿ ಕಟ್ಟಿದ್ರೂ ಹಾಲು ಕೊಡಕ್ಕೆ?" ಎಂದರು. "ನೆಲ ಸಮ ಇರ್ಬೇಕು. ಓರೆಯಾದ್ರೆ ಒಳಗಿನ ದ್ರವ ಇಳಿಯಾಕಿಲ್ಲ, ಖಾಲಿ ಕೊಳವೆ ಸುಮ್ನೆ ಕಾಯ್ತದೆ. ಕಾದು ಕಾದು ಒಂದಿನ ಸೀಳ್ತದೆ. ಒಳಗಿರೋ ಗ್ಯಾಸು ಪಕ್ಕದಲ್ಲೇ ಇರೋ ದೀಪಕ್ಕೆ ಸಿಕ್ತು ಅಂದ್ರೆ ಮುಗೀತು."

ನನ್ನ ಗಂಡ ಸಿಮೋನ್ ಬಂದು ಏನಾಗಿತ್ತು ಎಂದು ಕೇಳಿದಾಗ ಮಾತ್ರ, "ಮಿಷನ್ನಿಂದೇ ದೋಷ ಸಾರ್, ಅಮ್ಮಾವ್ರದೇನಿಲ್ಲ" ಎಂದುಬಿಟ್ಟರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಎಪ್ಪತ್ತೆಂಟರ ಕ್ರಿಸ್ಮಸ್ಸಿಗೆ ಮೂರು ದಿನ ಇರುವಾಗ ನನ್ನ ಮೈದುನ ಬೊನಿಫಾಸ್ ಘಾಟಿ ಹತ್ತಿ ಬಂದ. ಮಂಗಳೂರಿನಲ್ಲಿ ಅವನದೊಂದು ಗ್ಯಾರೇಜು. ಹಳೆಯ ವ್ಯಾನೊಂದನ್ನು ಬಿಚ್ಚಿ, ಒಳಗೆ ಮಂಚ, ಮಡಚುವ ಮೇಜು, ಒಲೆ, ಕಿಟಕಿಗೆ ಹೂವಿನ ಪರದೆ ಎಲ್ಲ ಕೂರಿಸಿ ಮನೆಗಾಡಿ ಮಾಡಿಕೊಂಡಿದ್ದ. ಜೊತೆಗೆ ಹೆಂಡತಿ ಪೆಟ್ರೀಷಿಯಾ, ಐದು ವರ್ಷದ ಮಗಳು ನ್ಯಾನ್ಸಿ. ಮೂಲೆಯಲ್ಲಿ ಬಿಳಿಯದೊಂದು ಪುಟ್ಟ ಫ್ರಿಜ್. ಗೋವಾದಲ್ಲಿ ಕೆಟ್ಟು ನಿಂತಿದ್ದ ಯಾವುದೋ ವಿದೇಶಿಯರ ಗಾಡಿಯಿಂದ ಕಿತ್ತು ತಂದದ್ದಂತೆ. ನನ್ನದರ ಅರ್ಧದಷ್ಟೂ ಇಲ್ಲ. ಆದರೆ ಗ್ಯಾಸಿನಲ್ಲಿ ನಡೆಯುತ್ತಿತ್ತು, ಹೊಗೆಯಿಲ್ಲ, ಬತ್ತಿ ಕತ್ತರಿಸುವ ಕೆಲಸವಿಲ್ಲ.

ಕಾಫಿ ಕುಯ್ಲಿನ ಕಾಲ. ಹಣ್ಣು ಒಣಗಿಸುವ ಸಿಮೆಂಟಿನ ಕಣದ ತುಂಬ ಕಾಫಿ ಹರಡಿತ್ತು. ಚರಂಡಿಯ ಕಡೆಯ ಮೂಲೆ ಮಾತ್ರ ಖಾಲಿ. ಬೊನಿಫಾಸ್ ಗಾಡಿಯನ್ನು ಅಲ್ಲಿ ನಿಲ್ಲಿಸಿದ. "ಈ ಗುಡ್ಡದಲ್ಲಿ ಸಮ ಇರೋ ಜಾಗ ಅಂದ್ರೆ ಅಪ್ಪ ಮಾಡಿಸಿದ ಕಣ ಒಂದೇ" ಎಂದ. ಹಾಗೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾವುದನ್ನಾದರೂ ಸಪಾಟಾಗಿದೆ ಎನ್ನಬೇಕಾದರೆ 'ಕಣದ ಹಾಗಿದೆ' ಎನ್ನುವುದು ನಮ್ಮವರ ವಾಡಿಕೆ.

ದಾರಿಯುದ್ದಕ್ಕೂ ಹಚ್ಚಿಟ್ಟಿದ್ದ ಫ್ರಿಜ್ಜಿನಲ್ಲಿ ಆಗಲೇ ಐಸ್ ಕಟ್ಟಿತ್ತು. ಆ ಸಂಜೆಯೇ ಪೆಟ್ರೀಷಿಯಾ ಐಸ್‌ಕ್ರೀಮ್ ಮಾಡಿದಳು. ನನ್ನ ಫ್ರಿಜ್ಜಿನಲ್ಲಿ ನಾನು ಎಷ್ಟು ಸಲ ಮಾಡಿದರೂ ಅದು ಗಂಜಿಯಾಗುತ್ತಿತ್ತೇ ಹೊರತು ಐಸ್‌ಕ್ರೀಮ್ ಆಗುತ್ತಿರಲಿಲ್ಲ. ಅವಳದು ಚಮಚ ನಿಲ್ಲುವಂತೆ ಗಟ್ಟಿ. ರಜೆಗೆ ಬಂದಿದ್ದ ನನ್ನ ಇಬ್ಬರು ಗಂಡುಮಕ್ಕಳು ಆ ಗಾಡಿಯಿಂದ ಇಳಿಯಲೇ ಇಲ್ಲ. ಎರಡು ವಾರ ಕೂತು ನಾನು ಕರಿದಿಟ್ಟಿದ್ದ ಕ್ರಿಸ್ಮಸ್ ತಿಂಡಿಯ, ಕುಸ್ವಾರದ ಡಬ್ಬಿಯ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ. ತೋಟದ ರೈಟರ್ ಪುಟ್ಟಸ್ವಾಮಿ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಎರಡು ಬಟ್ಟಲು ತಿಂದ.

"ಅಮ್ಮಾವ್ರೇ, ಇನ್ಮೇಲೆ ನಿಮ್ಮ ಪೆಟ್ಟಿಗೇಲಿ ಬೂಟು ಇಡಬೋದು ಬಿಡಿ!" ಎಂದು ನಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಅತ್ತೆ ತುಟಿ ಒರೆಸಿಕೊಳ್ಳುತ್ತ, "ಸುಸಾನಳದು ಔಷಧಿ ಇಡೋದಕ್ಕೆ ಸರಿ ಪಾಪ" ಎಂದರು. ಆ 'ಪಾಪ' ಎಂಬ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು.

ಪೆಟ್ರೀಷಿಯಾ ಕೆಟ್ಟವಳಲ್ಲ. ನಾನು ತಿನ್ನದೆ ಒಳಗೆ ಹೋದದ್ದನ್ನು ಅವಳೊಬ್ಬಳೇ ಗಮನಿಸಿದಳು. ಒಂದು ಬಟ್ಟಲಿಗೆ ತಟ್ಟೆ ಮುಚ್ಚಿ ನ್ಯಾನ್ಸಿಯ ಕೈಯಲ್ಲಿ ಕಳಿಸಿದಳು. ಮಗು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಗೊಮ್ಮೆ ನಿಂತು ನಿಂತು ಬಂತು. ಅದನ್ನು ತಿಂದೆ. ಚೆನ್ನಾಗಿತ್ತು. ಚೆನ್ನಾಗಿದ್ದುದೇ ನನಗೆ ಸಂಕಟ.

ಮರುದಿನ ಬೆಳಿಗ್ಗೆ ಅವಳು ಟೀ ಕುಡಿಯಲು ಗಾಡಿಯೊಳಗೆ ಕರೆದಳು. ಮಡಚುವ ಮೇಜಿನ ಮೇಲೆ ಲೋಟ ಇಟ್ಟಳು. ಲೋಟದಲ್ಲಿ ಟೀ ಒಂದು ಕಡೆ ಅಂಚಿನ ಹತ್ತಿರ ನಿಂತಿತ್ತು, ಇನ್ನೊಂದು ಕಡೆ ಒಂದು ಬೆರಳಿನಷ್ಟು ಕೆಳಗೆ. ಗಾಡಿ ಚರಂಡಿಯ ಕಡೆಗೆ ವಾಲಿತ್ತು. ನನಗೆ ಕೂಡಲೇ ತಿಳಿಯಿತು.

"ಯಾಕೋ ಇವತ್ತು ಐಸ್ ಕಟ್ಟೋದು ನಿಧಾನ ಅಕ್ಕಾ" ಎಂದಳು ಪೆಟ್ರೀಷಿಯಾ. "ನಾಳೆ ಲೈನಿನ ಮಕ್ಕಳಿಗೆಲ್ಲ ಐಸ್‌ಕ್ರೀಮ್ ಕೊಡ್ತೀನಿ ಅಂತ ಒಪ್ಕೊಂಡುಬಿಟ್ಟಿದ್ದೀನಿ. ಅತ್ತೆ ಫಾದರ್‌ನೂ ಕರೆದಿದ್ದಾರೆ."

ಹಾಗೆನ್ನುತ್ತ ಬಗ್ಗಿ, ಫ್ರಿಜ್ಜಿನ ಕೆಳಗಿನ ಗುಂಡಿ ತಿರುಗಿಸಿ ಜ್ವಾಲೆ ದೊಡ್ಡದು ಮಾಡಿದಳು.

ಓರೆಯಾಗಿ ನಿಂತ ಫ್ರಿಜ್ ತಣ್ಣಗಾಗದಿದ್ದಾಗ ಮಾಡಬಾರದ ಕೆಲಸ ಅದೊಂದೇ. ಚಕ್ರದ ಕೆಳಗೆ ಎರಡು ಹಲಗೆ ಇಡಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ನಾಳೆ ಫಾದರ್ ಮುಂದೆ, ಅತ್ತೆಯ ಮುಂದೆ, ಪುಟ್ಟಸ್ವಾಮಿಯ ಮುಂದೆ ಇವಳ ಬಟ್ಟಲಿನಲ್ಲೂ ಒಂದೇ ಒಂದು ಸಲ ಗಂಜಿ ಆಗಲಿ.

"ಟೀ ಚೆನ್ನಾಗಿದೆ" ಎಂದು ಹೇಳಿ ಎದ್ದು ಬಂದೆ.

ಬೆಂಕಿಯ ಯೋಚನೆ ಆಗ ನನಗೆ ಬರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿರಲಾರದು. ಆದರೆ ಶಾಂತಮಲ್ಲಪ್ಪನವರು ಹೇಳಿದ್ದನ್ನು ನಾನು ಮರೆತಿರಲೂ ಇಲ್ಲ.

ಇಪ್ಪತ್ನಾಲ್ಕರ ಮಧ್ಯಾಹ್ನ ಊಟವಾಗಿ ಗಂಡಸರು ಜಗುಲಿಯಲ್ಲಿ ಕೂತಿದ್ದರು. ಪೆಟ್ರೀಷಿಯಾ ಅಡುಗೆಮನೆಯಲ್ಲಿ ಹಾಲು ಕುದಿಸುತ್ತಿದ್ದಳು. ಕಣದಲ್ಲಿ ಕಾಫಿ ಎಳೆದು ತಿರುವುತ್ತಿದ್ದ ದೇವೀರಮ್ಮನಿಗೆ ಎಲೆ ಅಡಿಕೆ ಕೊಟ್ಟು ಬರೋಣವೆಂದು ನಾನು ಹೋದೆ. ಗಾಡಿಯಿಂದ ಹತ್ತು ಮಾರು ದೂರ ಇರುವಾಗಲೇ ಮೂಗಿಗೆ ಘಾಟು ಬಡಿಯಿತು. ಕಣ್ಣಲ್ಲಿ ನೀರು ಬಂತು. ಕಾಲೇಜಿನ ಲ್ಯಾಬಿನಲ್ಲಿ ಮೂರು ವರ್ಷ ಕುಡಿದ ವಾಸನೆ ಅದು. ಅಮೋನಿಯಾ ಎಂದು ಗುರುತಿಸಲು ಅರೆಗಳಿಗೆಯೂ ಬೇಕಾಗಲಿಲ್ಲ.

"ಬೆಳಗ್ಗಿಂದ ಐತೆ ಕಣ್ರಮ್ಮ ಈ ನಾತ" ಎಂದಳು ದೇವೀರಮ್ಮ. "ಪಾಪು ಒಳಗೆ ಮಲಗೈತೆ, ಅದ್ಹೆಂಗೆ ತಡ್ಕೊಂಡೈತೋ."

ನಾನು ಓಡಿದೆ. ನಲವತ್ತೆರಡು ವರ್ಷ ನನಗೆ ಆಗ. ಮದುವೆಯಾದ ಮೇಲೆ ಓಡಿದ್ದು ಅದೇ ಮೊದಲು. ನ್ಯಾನ್ಸಿ ಮಂಚದ ಮೇಲೆ ಕೆಮ್ಮುತ್ತ ಅರೆನಿದ್ದೆಯಲ್ಲಿತ್ತು. ಎಳೆದು ಎತ್ತಿಕೊಂಡು ಬಾಗಿಲಲ್ಲಿ ದೇವೀರಮ್ಮನ ಕೈಗೆ ಕೊಟ್ಟು, ಗಾಡಿಯ ಹಿಂದೆ ಹೋಗಿ ಸಿಲಿಂಡರಿನ ತಿರುಪು ಬಿಗಿಮಾಡಿದೆ. ಆಮೇಲೆ ಕಿರುಚಿದೆ.

ಎಲ್ಲರೂ ಓಡಿಬಂದರು. ಫ್ರಿಜ್ ಸೋರುತ್ತಿದೆ, ಗ್ಯಾಸ್ ಆರಿಸಿದ್ದೇನೆ ಎಂದು ನಾನು ಹೇಳಿದ್ದನ್ನು ಕೇಳಿ ಬೊನಿಫಾಸನ ಮುಖ ಸಣ್ಣದಾಯಿತು.

"ಗೊಬ್ಬರದ ಗುಂಡಿ ವಾಸನೆ ಅತ್ತಿಗೆ ಅದು. ಗ್ಯಾಸ್ ಯಾಕೆ ಆರಿಸಿದ್ರಿ? ಸಂಜೆಗೆ ಐಸ್‌ಕ್ರೀಮ್ ಆಗೋದು ಹೇಗೆ?" ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

"ಹಚ್ಚಬೇಡ ಬೊನಿ. ಗಾಡಿ ಓರೆ ನಿಂತಿದೆ, ಕೊಳವೆ ಸೀಳಿದೆ."

"ಓರೆಯಾ? ಇದು ಕಣ ಅತ್ತಿಗೆ! ಅಪ್ಪ ಮಟ್ಟಗೋಲು ಇಟ್ಟು ಮಾಡಿಸಿದ್ದು."

ಸಿಮೋನ್ ಕೂಡ, "ಸುಸಾನ್, ಕಣ ಹೇಗೆ ಓರೆ ಆಗುತ್ತೆ?" ಎಂದು ಮೆಲ್ಲಗೆ ಕೇಳಿದರು. ಪೆಟ್ರೀಷಿಯಾ ಮಗುವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಎರಡು ದಿನದಿಂದ ನಿಮ್ಮ ಮುಖ ನೋಡ್ತಾನೇ ಇದ್ದೀನಿ ಅಕ್ಕಾ. ಲೈನಿನ ಮಕ್ಕಳು ನನ್ನ ಕೈಯಿಂದ ತಿಂದ್ರೆ ನಿಮಗೆ ಏನು ಕಡಿಮೆಯಾಗುತ್ತೆ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಟ್ಟೆಕಿಚ್ಚಿನವಳು ನಿಜ ಹೇಳಿದರೂ ಯಾರು ನಂಬುತ್ತಾರೆ? ಬೊನಿಫಾಸ್ ಕಡ್ಡಿ ತೆಗೆದು ಗಾಡಿಯ ಮೆಟ್ಟಿಲಿಗೆ ಕಾಲಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತು ಎರಡು ಕೈಯಿಂದ ಚೌಕಟ್ಟು ಹಿಡಿದೆ.

ಆಗ ಬಾಯಿ ಬಿಟ್ಟವಳು ದೇವೀರಮ್ಮ.

"ಸಣ್ಣ ಧಣೀರೇ, ಇಪ್ಪತ್ತು ವರ್ಷದಿಂದ ಈ ಕಣ ಗುಡಿಸ್ತಾ ಇವ್ನಿ. ಸಮ ಅಂತ ಯಾರು ಹೇಳಿದ್ರು ನಿಮಗೆ? ಮಳೆ ಬಂದ್ರೆ ನೀರು ನಿಂತು ಕಾಫಿ ಕೊಳೆಯಾಕಿಲ್ವಾ? ನಿಮ್ಮಪ್ಪಾರು ಬೇಕೂಂತಲೇ ಇಳಿಜಾರು ಮಡಗಿಸಿದ್ರು. ಈ ಮೂಲೇಲಿ ಜಾಸ್ತಿ ಐತೆ." ಎಂದವಳೇ ತನ್ನ ಕುಡಿಯುವ ನೀರಿನ ತಂಬಿಗೆಯನ್ನು ಗಾಡಿಯ ಚಕ್ರದ ಪಕ್ಕ ಬಗ್ಗಿಸಿದಳು.

ನೀರು ಒಂದು ಕ್ಷಣವೂ ನಿಲ್ಲಲಿಲ್ಲ. ಗಾಡಿಯ ಕೆಳಗೆ ಅಡ್ಡಡ್ಡ ಹರಿದು ಚರಂಡಿಗೆ ಬಿತ್ತು.

ಬೊನಿಫಾಸ್ ಅದನ್ನು ನೋಡಿದ. ಕಡ್ಡಿಯನ್ನು ಪೊಟ್ಟಣಕ್ಕೆ ಸೇರಿಸಿ ಪೊಟ್ಟಣವನ್ನು ದೂರ ಎಸೆದ. ಬಾಗಿಲು ಕಿಟಕಿ ತೆರೆದಿಟ್ಟು ಒಂದು ಗಂಟೆ ಕಾದು, ಸಿಮೋನ್ ಜೊತೆ ಸೇರಿ ಫ್ರಿಜ್ಜನ್ನು ಹೊರಗೆ ಎಳೆದ. ಹಿಂದಿನ ಕೊಳವೆಯ ಬಣ್ಣ ಗುಳ್ಳೆಯೆದ್ದಿತ್ತು. ಸೀಳಿದ ಕಡೆ, ಒಳಗಿನ ದ್ರವ ಸೋರಿ ಒಣಗಿದ ಅರಿಸಿನದಂಥ ಹಳದಿ ಪುಡಿ. ಅದರ ಎದುರಿನ ಪ್ಲೈವುಡ್ ಅಂಗೈಯಗಲ ಸುಟ್ಟು ಕರಿಯಾಗಿತ್ತು. ಆ ಹಲಗೆಯ ಆಚೆಗೇ ನ್ಯಾನ್ಸಿಯ ದಿಂಬು. ಘಾಟಿಯ ಧೂಳು ಒಳಗೆ ಬರುತ್ತದೆಂದು ಹಿಂದಿನ ಗಾಳಿಕಿಂಡಿಗೂ ಅವನು ತಗಡು ಹೊಡೆದಿದ್ದ.

ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು, "ಓದಿದವಳು ಮನೆಯಲ್ಲಿದ್ದರೆ ಇದಕ್ಕೇ ಒಳ್ಳೆಯದು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಹದಿನಾರು ವರ್ಷದಲ್ಲಿ ಅದೇ ಮೊದಲು. ಆ ಕೈಯ ಬಿಸಿ ಹಿತವಾಗಿತ್ತು ಎಂಬುದನ್ನು ಬರೆಯಲು ನನಗೆ ಈಗಲೂ ನಾಚಿಕೆ.

ಸಂಜೆಗೆ ಮುಂಚೆ ಪೆಟ್ರೀಷಿಯಾ ಕಾಯಿಸಿ ಆರಿಸಿದ ಹಾಲಿನ ಪಾತ್ರೆ ಹಿಡಿದು ನನ್ನ ಅಡುಗೆಮನೆಯ ಹಿತ್ತಲ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು.

"ಕೆಟ್ಟ ಮಾತಾಡಿದೆ ಅಕ್ಕಾ, ಕ್ಷಮಿಸಿ. ನನ್ನ ಮಗುವನ್ನು ಉಳಿಸಿದ್ರಿ. ನಿಮ್ಮ ಫ್ರಿಜ್ಜಿನಲ್ಲಿ ಇದಕ್ಕೆ ಸ್ವಲ್ಪ ಜಾಗ ಇದೆಯಾ?"

ಅವಳು ಹಾಗೆ ಕೇಳದೆ ಇದ್ದಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ. ನಾನು ಗೆದ್ದಿದ್ದೆ. ಎಲ್ಲರೂ ನನ್ನ ಪೆಟ್ಟಿಗೆಗೆ ವಾಪಸು ಬಂದಿದ್ದರು. ಆದರೆ ಅವಳು ಬಾಗಿಲ ಹೊರಗೆ, ಲೈನಿನವರು ಐಸ್ ಕೇಳಲು ನಿಲ್ಲುವ ಜಾಗದಲ್ಲಿ ನಿಂತು ಕೇಳಿದಳು.

"ನನಗೆ ನಿನ್ನೆಯೇ ಗೊತ್ತಿತ್ತು ಪೆಟ್ರೀಷಿಯಾ" ಎಂದೆ. "ಟೀ ಲೋಟದಲ್ಲಿ ನೋಡಿದೆ. ನೀನು ಉರಿ ದೊಡ್ಡದು ಮಾಡಿದಾಗ ಬೇಡ ಅನ್ನಬೇಕಿತ್ತು. ಐಸ್‌ಕ್ರೀಮ್ ಕೆಡಲಿ ಅಂತ ಸುಮ್ಮನಿದ್ದೆ."

ಅವಳು ಚಾಚಿದ್ದ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನ್ಯಾನ್ಸಿ ಒಳಗೆ ಮಲಗ್ತಾಳೆ ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತು."

ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೊರಟುಹೋದಳು. ಅದನ್ನು ನಾನೇ ಒಳಗಿಟ್ಟೆ. ಆ ಸಂಜೆ ತಡವಾಗಿ ಲೈನಿನ ಮಕ್ಕಳಿಗೆ ಸಿಕ್ಕಿದ್ದು ತಣ್ಣನೆಯ ಸಿಹಿಹಾಲು. ಖುಷಿಯಾಗಿಯೇ ಕುಡಿದವು. ಇಪ್ಪತ್ತಾರಕ್ಕೆ ಅವರು ಇಳಿದು ಹೋದರು. ಹೊರಡುವಾಗ ಅವಳು ಎಲ್ಲರ ಕೆನ್ನೆಗೂ ಮುತ್ತಿಟ್ಟಳು, ನನಗೆ ಕೈ ಮಾತ್ರ ಕೊಟ್ಟಳು. ಆದರೆ ನಾನು ಹೇಳಿದ್ದನ್ನು ಅತ್ತೆಗಾಗಲಿ ತನ್ನ ಗಂಡನಿಗಾಗಲಿ ಹೇಳಲಿಲ್ಲ. ಹೇಳಿದ್ದರೆ ಆ ಮನೆಯಲ್ಲಿ ನನ್ನ ಬದುಕು ಏನಾಗುತ್ತಿತ್ತೋ.

ಆರು ತಿಂಗಳು ಕಾಗದವಿಲ್ಲ. ಜೂನಿನಲ್ಲಿ ಒಂದು ಇನ್‌ಲ್ಯಾಂಡ್ ಬಂತು. ನಾಲ್ಕೇ ಸಾಲು. 'ಬೊನಿ ಇನ್ನೊಂದು ಫ್ರಿಜ್ ತಂದಿದ್ದಾರೆ. ಮೊದಲಿನದಕ್ಕಿಂತ ದೊಡ್ಡದು. ಬೇಡ ಅಂದರೂ ಕೇಳುವುದಿಲ್ಲ. ನಿಮಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸಿ ಅಕ್ಕಾ. ಎಲ್ಲವನ್ನೂ.' ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

'ದೊಡ್ಡದು' ಎಂದು ಓದಿದಾಗ ಮತ್ತೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೂ ಎಂಟು ಪುಟ ಬರೆದೆ. ಗಾಡಿ ನಿಲ್ಲಿಸಿದ ಕೂಡಲೇ ಮಟ್ಟ ನೋಡು, ಕಣ್ಣನ್ನು ನಂಬಬೇಡ, ಹಲಗೆ ಕೊಟ್ಟು ಸಮ ಮಾಡಿಸಿದ ಮೇಲೇ ಹಚ್ಚು. ಓಡುವ ಗಾಡಿಯಲ್ಲಿ ಆರಿಸಿಡು. ತಣ್ಣಗಾಗದಿದ್ದರೆ ಉರಿ ಏರಿಸಬೇಡ, ಆರಿಸು. ಗಾಳಿಕಿಂಡಿಗೆ ತಗಡಲ್ಲ, ಬಲೆ ಹೊಡೆಸು. ಹಿಂದಿನ ಕೊಳವೆಯನ್ನು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡು, ಹಳದಿ ಕಂಡರೆ ಆ ಫ್ರಿಜ್ಜಿನ ಆಸೆ ಬಿಡು. ಕಣ್ಣುರಿಸುವ ವಾಸನೆ ಬಂದರೆ ಮೊದಲು ಹೊರಗೆ ಬಾ, ಐಸ್‌ಕ್ರೀಮಿನ ಯೋಚನೆ ಆಮೇಲೆ. ಜೊತೆಗೆ ಕೊಳವೆಗಳ ಚಿತ್ರವನ್ನೂ ಬರೆದೆ, ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆ.

ಯಾರ ಕೈಯಲ್ಲೂ ಕೊಡದೆ ನಾನೇ ಬಸ್ಸು ಹಿಡಿದು ಸಕಲೇಶಪುರದ ಅಂಚೆಕಚೇರಿಗೆ ಹೋದೆ. ಕೌಂಟರಿನ ಮುಂದೆ ನಿಂತಾಗ ಏನೋ ಬಿಟ್ಟುಹೋದಂತೆ ಅನ್ನಿಸಿತು. ಗುಮಾಸ್ತರು ಅಂಟಿನ ಬಟ್ಟಲು ನನ್ನ ಕಡೆ ಸರಿಸಿ, "ನಿಧಾನ ಬರೀರಿ, ಟಪಾಲು ಹೋಗಕ್ಕೆ ಇನ್ನೂ ಟೈಮ್ ಐತೆ" ಎಂದರು. ಲಕೋಟೆ ಬಿಚ್ಚಿ ಎಂಟನೆಯ ಪುಟದ ಅಂಚಿನಲ್ಲಿ ಸೇರಿಸಿದೆ: 'ನ್ಯಾನ್ಸಿ ಒಳಗೆ ಮಲಗಿರುವಾಗ ಅದನ್ನು ಹಚ್ಚಲೇಬೇಡ. ಎಷ್ಟೇ ಸಮವಾಗಿ ನಿಂತಿರಲಿ.'