ಮೂರು ಮೀಟರ್ ಹಿಂದಿನ ಗೂಟ

ಸರ್ವೆಯರಮ್ಮನ ಫೀಲ್ಡ್ ಬುಕ್ಕು ತಪ್ಪು ಹೇಳುವುದಿಲ್ಲ ಎಂದು ರಸ್ತೆ ಕೆಲಸದವರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಆ ಬೆಳಿಗ್ಗೆ ನಲವತ್ತೆರಡನೇ ಗೂಟ ರಸ್ತೆಯ ನಡುಗೆರೆಯಿಂದ 14.6 ಮೀಟರಿಗೆ ಸಿಕ್ಕಿತು. ಬುಕ್ಕಿನಲ್ಲಿ 17.6 ಎಂದಿತ್ತು. ಅವಳ ಗುಮಾನಿ ಹೋದದ್ದು ಗೂಟದ ಮೇಲೆ. ಗೂಟಕ್ಕೇನು ಕಾಲಿದೆಯೇ? ಯಾರೋ ಕಿತ್ತು ಮೂರು ಮೀಟರ್ ಈಚೆಗೆ ನೆಟ್ಟಿದ್ದಾರೆ.

ಯಾರೋ ಏನು ಬಂತು, ಯಾರೆಂದು ಗೊತ್ತೇ ಇದೆ! ಗುಡ್ಡವನ್ನು ಎಲ್ಲಿಂದ ಇಳಿಜಾರಾಗಿ ಕಡಿಯಬೇಕೆಂದು ಹೇಳುವ ಗೂಟ ಅದು. ಬುಕ್ಕಿನ ಪ್ರಕಾರ ಜೆಸಿಬಿ ಕಡಿದರೆ ಮೇಲಿನ ಮನೆಯ ಅಡುಗೆಮನೆ ಗೋಡೆ ಉಳಿಯುವುದಿಲ್ಲ. ಆ ಮನೆ ಅವಳ ಮೈದುನನದು. ಎಂಟು ವರ್ಷದಿಂದ ಅವಳಿಗೆ ಅಳತೆಕೋಲು ಹಿಡಿದು, ಗೂಟಗಳ ಮೇಲೆ ಅಂಕಿ ಬರೆಯುವವನೂ ಅವನೇ. ಈ ಗೂಟದ ಮೇಲೂ ಅವನ ಕೈಬರಹದಲ್ಲೇ 14.6 ಎಂದಿತ್ತು. ಕಳೆದ ವರ್ಷ ಅವಳ ಗಂಡನೂ ಅವನೂ ಪಾಲಾದಾಗ ಆಡಿದ ಮಾತು ಅತ್ತಿಗೆ ಮೈದುನ ಇಬ್ಬರಿಗೂ ಇನ್ನೂ ಅರಗಿರಲಿಲ್ಲ. ಕಣ್ಣಿಗೆ ಮಣ್ಣೆರಚಿದ ಎಂದುಕೊಂಡು ಅವಳು ಸಿಟ್ಟಿನಿಂದ ಗುಡ್ಡ ಹತ್ತಿದಳು.

ಅಡುಗೆಮನೆ ಗೋಡೆಯ ಹೊರಗೆ ಪಾತ್ರೆ, ಡಬ್ಬಿ, ಸ್ಟೌವ್, ಮಡಚಿದ ಚಾಪೆ ಎಲ್ಲ ರಾಶಿ ಬಿದ್ದಿದ್ದವು. ಏನನ್ನೋ ಮುಚ್ಚಿಡಲೆಂದೇ ಹಾಕಿದ ರಾಶಿ ಎಂದು ಅವಳಿಗನಿಸಿತು. ಮೈದುನ ಬಾಗಿಲಲ್ಲಿ ನಿಂತಿದ್ದ.

"ಗೂಟ ಯಾವಾಗ ಸರಿಸಿದೆ?" ಎಂದಳು.

"ನಾನು ಮುಟ್ಟಿಲ್ಲ ಅತ್ತಿಗೆ."

"ಹಾಗಾದ್ರೆ ಇದರಡಿ ಏನಿದೆ?"

"ತೆಗೆದು ನೋಡಿ."

ಅವಳೇ ಒಂದೊಂದಾಗಿ ಎತ್ತಿಟ್ಟಳು. ಅಡಿಯಲ್ಲಿ ಸಾಕ್ಷಿಗೂಟವಿತ್ತು. ಅಸಲಿ ಗೂಟ ಕೆಲಸದಲ್ಲಿ ಹಾಳಾದರೆ ಗುರುತು ಸಿಗಲೆಂದು ಮೂರು ಮೀಟರ್ ಹಿಂದೆ ಹೊಡೆಯುವ ಗೂಟ. ಅದರ ಮೇಲೆ 17.6.

ಬುಕ್ಕು ತೆರೆದಳು. ಕಡಿಯುವ ಆಳ 6.4 ಎಂದು ತಾನೇ ಬರೆದಿದ್ದಳು. ಇಳಿಜಾರಿಗೆ ಅದರ ಒಂದೂವರೆ ಪಟ್ಟು 9.6, ರಸ್ತೆಯ ಅರ್ಧ ಅಗಲ 5. ಕೂಡಿದರೆ 14.6. ಶಾಲೆಯ ಮಕ್ಕಳೂ ಮಾಡುವ ಲೆಕ್ಕ. ಗೂಟ ನೆಟ್ಟ ದಿನ ಆ ಮನೆಯ ಕಡೆ ಕಣ್ಣೆತ್ತಿಯೂ ನೋಡಬಾರದೆಂದು ಬಗ್ಗಿಸಿದ ತಲೆ ಎತ್ತದೆ, ಅವನು ಸಾಕ್ಷಿಗೂಟಕ್ಕೆ ಕೂಗಿದ ಅಂಕಿಯನ್ನು ಅಸಲಿ ಗೂಟದ ಸಾಲಿನಲ್ಲಿ ಬರೆದುಬಿಟ್ಟಿದ್ದಳು.

"ಮತ್ತೆ ಸಾಮಾನು ಯಾಕೆ ಹೊರಗೆ ಹಾಕಿದೆ?"

"ಮೊನ್ನೆ ನಿಮ್ಮ ಬುಕ್ಕು ನೋಡಿದೆ, 17.6 ಅಂತಿತ್ತು. ಅತ್ತಿಗೆ ಬುಕ್ಕಲ್ಲಿ ತಪ್ಪು ಬರಲ್ವಲ್ಲ. ಬೇಕು ಅಂತಲೇ ನಮ್ಮ ಗೋಡೆಗೆ ಗೆರೆ ತಂದಿದ್ದೀರಿ ಅಂದ್ಕೊಂಡು, ಗೋಡೆ ಬೀಳೋ ಮೊದಲು ಅಡುಗೆಮನೆ ಖಾಲಿ ಮಾಡಿದೆ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವು ಮಾತ್ರ ಕೇಳಿದ್ರಾ? ಸರಿಸಿದ್ಯಾ ಅನ್ನಲಿಲ್ಲ, ಯಾವಾಗ ಸರಿಸಿದೆ ಅಂದ್ರಿ."

17.6ನ್ನು ಹೊಡೆದುಹಾಕಿ, 14.6 ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಕೆಳಗೆ ಜೆಸಿಬಿಯವನು ಎಂಜಿನ್ ಶುರುಮಾಡಿದ್ದ.

"ಸರಿಹೋಯ್ತು. ಸಾಮಾನು ಒಳಗಿಟ್ಕೋ," ಎಂದಳು, ಆದಷ್ಟು ಮೆತ್ತಗೆ.

ಅವನು ಸಾಮಾನಿಗೆ ಕೈ ಹಾಕಲಿಲ್ಲ. ಅವಳ ಭುಜದಿಂದ ಟೇಪು ಬಿಡಿಸಿಕೊಂಡು ತುದಿಯನ್ನು ಅವಳ ಕೈಗಿತ್ತ.

"ನಡುಗೆರೆ ಹತ್ರ ಹೋಗಿ ಹಿಡ್ಕೊಳ್ಳಿ ಅತ್ತಿಗೆ. ಇನ್ನು ನಾನೂ ಒಂದ್ಸಲ ಅಳೆದು ನೋಡ್ತೀನಿ."

ಎಂಟು ವರ್ಷದಲ್ಲಿ ಅವನು ಅವಳ ಅಂಕಿಯನ್ನು ಅಳೆದು ನೋಡಿದವನಲ್ಲ. ಅವಳು ಟೇಪಿನ ತುದಿ ಹಿಡಿದು ಗುಡ್ಡ ಇಳಿದಳು.